ಕೀ ಒತ್ತಿದ್ದು ನಿಜ, ಅಂಕಿ ಎಲ್ಲಿ ಹೋಯ್ತು?

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ನನ್ನ ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲಿ ಬೇಗ ಬೇಗ ಒತ್ತಿದರೆ ಒಮ್ಮೊಮ್ಮೆ ಒಂದು ಅಂಕಿ ಬೀಳುವುದೇ ಇಲ್ಲ. ಕೀ ಒಳಗೆ ಹೋಗಿದ್ದು ಬೆರಳಿಗೆ ಚೆನ್ನಾಗಿ ಗೊತ್ತಾಗಿರುತ್ತದೆ. ಅಪ್ಪನ ಹಳೆಯ ಎಚ್‌ಪಿ ಕ್ಯಾಲ್ಕುಲೇಟರ್ ಟಕ್ ಟಕ್ ಅನ್ನುತ್ತದೆ, ಅದರಲ್ಲಿ ಹೀಗಾಗುವುದಿಲ್ಲ. ತಪ್ಪು ನನ್ನದಾ, ಕೀಯದಾ?

ಉತ್ತರ: ಜಾಸ್ತಿ ಪಾಲು ಕೀಯದೇ. ಆದರೆ ಅದು ಕೆಟ್ಟಿದೆ ಅಂತಲ್ಲ, ಅದರ ಸ್ವಭಾವವೇ ಹಾಗೆ.

ನಿಮ್ಮ ಕೀಯ ಕೆಳಗೆ ಬೋರಲು ಹಾಕಿದ ಪುಟ್ಟ ಬಟ್ಟಲಿನಂಥ ರಬ್ಬರ್ ಇರುತ್ತದೆ. ಅದರ ಒಳಗೆ ನಡುವಿನಲ್ಲಿ ಕಪ್ಪು ಕಾರ್ಬನ್ ಬಿಲ್ಲೆ. ಅದಕ್ಕೂ ಕೆಳಗೆ ಸರ್ಕ್ಯೂಟ್ ಬೋರ್ಡ್, ಅದರ ಮೇಲೆ ಒಂದಕ್ಕೊಂದು ತಾಗದ ಹಾಗೆ ಎಳೆದ ಎರಡು ಬಾಚಣಿಗೆಯಂಥ ಗೆರೆಗಳು. ಬಿಲ್ಲೆ ಬಂದು ಎರಡನ್ನೂ ಮುಟ್ಟಿದಾಗಲೇ ಕರೆಂಟು ಹರಿಯುವುದು.

ಈಗ ಒಂದು ಕೀಯನ್ನು ತುಂಬಾ ನಿಧಾನವಾಗಿ ಒತ್ತಿ ನೋಡಿ. ಮೊದಲು ಬಿಗಿ. ಆಮೇಲೆ ರಬ್ಬರ್ ಕುಸಿದು ಕೀ ಸಡಿಲಾಗುತ್ತದೆ. ಬೆರಳು 'ಆಯ್ತು' ಅಂದುಕೊಳ್ಳುವುದು ಇಲ್ಲೇ. ಆದರೆ ಪರದೆ ಇನ್ನೂ ಖಾಲಿ! ತಳ ಮುಟ್ಟುವವರೆಗೆ ಇನ್ನಷ್ಟು ಒತ್ತಿದರೆ ಮಾತ್ರ ಅಂಕಿ ಬರುತ್ತದೆ. ಅವಸರದಲ್ಲಿ ಬೆರಳು ಆ ಸಡಿಲಾದ ಜಾಗದಿಂದಲೇ ವಾಪಸ್ ಬಂದುಬಿಡುತ್ತದೆ. ನಿಮ್ಮ ಅಂಕಿ ಕಳೆದುಹೋಗುವುದು ಈ ಕೂದಲೆಳೆಯಷ್ಟು ದೂರದಲ್ಲಿ.

ಅಪ್ಪನ ಕ್ಯಾಲ್ಕುಲೇಟರ್‌ನ ಗುಟ್ಟೂ ಇಲ್ಲೇ ಇದೆ. ಹಳೆಯ ಎಚ್‌ಪಿಗಳಲ್ಲಿ ಕೀಯ ಕೆಳಗೆ ಉಬ್ಬಿದ ಲೋಹದ ತಗಡು ಇರುತ್ತದೆ. ಭಾರ ಮಿತಿ ದಾಟಿದ ಕೂಡಲೇ ತಗಡು ಟಕ್ ಅಂತ ಕೆಳಗೆ ಬಾಗುತ್ತದೆ. ಬಾಗಿದ ತಗಡೇ ಸ್ವಿಚ್. ಶಬ್ದ, ಬೆರಳಿನ ಅನುಭವ, ಸಂಪರ್ಕ ಮೂರೂ ಒಟ್ಟಿಗೇ ಆಗುತ್ತವೆ. 1972ರಲ್ಲಿ ಬಂದ, ಕೈಯಲ್ಲಿ ಹಿಡಿಯುವ ಮೊದಲ ಸೈಂಟಿಫಿಕ್ ಕ್ಯಾಲ್ಕುಲೇಟರ್ ಎಚ್‌ಪಿ-35 ಇದನ್ನು ಚೆನ್ನಾಗಿ ಸಾಧಿಸಿತ್ತು. ಹೆಸರಿನ 35 ಕೂಡ ಕೀಗಳ ಲೆಕ್ಕವೇ. ನನ್ನನ್ನು ಕೇಳಿದರೆ ಇಂದಿನ ಬಹುಪಾಲು ಕ್ಯಾಲ್ಕುಲೇಟರ್‌ಗಳು ಲೆಕ್ಕದಲ್ಲಿ ಎಷ್ಟೋ ಮುಂದೆ, ಕೀಯಲ್ಲಿ ಹಿಂದೆ.

ಇನ್ನೊಂದು ಕಾರಣವೂ ಇರಬಹುದು, ಅದು ನಿಮ್ಮ ಕಡೆಯದು. ಪ್ರತಿ ಕೀಗೂ ಬೇರೆ ತಂತಿ ಇರುವುದಿಲ್ಲ. ಅಡ್ಡ 6, ಉದ್ದ 8 ತಂತಿ ಎಳೆದರೆ ಸೇರುವ ಜಾಗಗಳು 48. ಅಂದರೆ 14 ತಂತಿಗೆ 48 ಕೀ. ಚಿಪ್ ಈ ಸಾಲುಗಳನ್ನು ಒಂದಾದ ಮೇಲೊಂದು ತಡಕುತ್ತಲೇ ಇರುತ್ತದೆ. ಮೊದಲ ಕೀ ಬಿಡುವ ಮುಂಚೆ ಎರಡನೆಯದನ್ನು ಒತ್ತಿದರೆ ಎಷ್ಟೋ ಮಾದರಿಗಳು ಎರಡನೆಯದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 7 ಒತ್ತಿ ಹಿಡಿದು 8 ಒತ್ತಿ, ನಿಮ್ಮದು ಏನು ಮಾಡುತ್ತದೆ ಅಂತ ತಿಳಿಯುತ್ತದೆ.

ಸಮ ಚಿಹ್ನೆಯ ಕೀಯನ್ನು ಪರೀಕ್ಷಿಸಲು ಸುಲಭದ ದಾರಿ ಇದೆ. 1 ಒತ್ತಿ, ಸಮ ಒತ್ತಿ. ಆಮೇಲೆ 'ಆನ್ಸ್' (ಹಿಂದಿನ ಉತ್ತರವನ್ನು ತರುವ ಕೀ) ಕೂಡಿಸು 1 ಅಂತ ಬರೆದು, ನಿಮ್ಮ ಮಾಮೂಲಿ ವೇಗದಲ್ಲಿ ಸಮವನ್ನು 50 ಸಲ ಒತ್ತಿ. ಉತ್ತರ 51 ಬರಬೇಕು. ಕಡಿಮೆ ಬಂದರೆ ಅಷ್ಟು ಸಲ ಕೀ ಕೈಕೊಟ್ಟಿದೆ. ಜಾಸ್ತಿ ಬಂದರೆ ಒಂದು ಒತ್ತು ಎರಡಾಗಿದೆ. ಎರಡು ತುಣುಕು ತಾಗುವಾಗ ಕೆಲವು ಮಿಲಿಸೆಕೆಂಡು ಪುಟಿಯುತ್ತವೆ. ಆ ಗದ್ದಲ ಅಡಗುವ ತನಕ ಕಾಯುವುದು ಚಿಪ್‌ನ ಕೆಲಸ. ಸಂಪರ್ಕದಲ್ಲಿ ಕೊಳೆ ಕೂತರೆ ಗದ್ದಲ ಇನ್ನೂ ಜಾಸ್ತಿ.

ಕೊಳೆಯೇ ಕಾರಣ ಅನ್ನಿಸಿದರೆ ಬ್ಯಾಟರಿ ತೆಗೆದು ಬಿಚ್ಚಬಹುದು. ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಬೋರ್ಡಿನ ಗೆರೆಗಳನ್ನು ಮೆಲ್ಲಗೆ ಒರೆಸಿ. ಬಿಲ್ಲೆಯನ್ನು ಉಜ್ಜಬೇಡಿ, ಮೇಲಿನ ಕಪ್ಪೇ ಎದ್ದು ಬರುತ್ತದೆ. ಪರದೆಗೆ ಅಂಟಿಸಿರುವ ತೆಳು ಪಟ್ಟಿಯನ್ನಂತೂ ಎಳೆಯಲೇಬೇಡಿ. ನಾನೊಮ್ಮೆ ಎಳೆದೆ. ಅಂದಿನಿಂದ ಆ ಕ್ಯಾಲ್ಕುಲೇಟರ್‌ನಲ್ಲಿ 8 ಯಾವುದು, 6 ಯಾವುದು ಅಂತ ಊಹೆ ಮಾಡಬೇಕು.

ಪ್ರಶ್ನೆ: ಕಂಪ್ಯೂಟರ್‌ನಲ್ಲಿ ಶಿಫ್ಟ್ ಒತ್ತಿ ಹಿಡಿಯಬೇಕು. ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ಬಿಟ್ಟರೆ ಸಾಕು. ಯಾಕೆ?

ಉತ್ತರ: ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ಕ್ಯಾಲ್ಕುಲೇಟರ್ ಅಲ್ವಾ? ಎರಡು ಕೀ ಒಟ್ಟಿಗೆ ಒತ್ತುವುದು ಕಷ್ಟ. ಒಂದಾದ ಮೇಲೊಂದು ಒತ್ತಿದರೆ ಚಿಪ್‌ಗೂ ಗೊಂದಲವಿಲ್ಲ. ಎಚ್‌ಪಿ-35ರಲ್ಲೂ 'ಆರ್ಕ್' ಕೀ ಒತ್ತಿ ಬಿಟ್ಟು, ಆಮೇಲೆ ಸೈನ್ ಒತ್ತಿದರೆ ಸೈನ್ ವಿಲೋಮ ಬರುತ್ತಿತ್ತು.

ಪ್ರಶ್ನೆ: ಕೀ ಮೇಲಿನ ಅಕ್ಷರ ಸವೆದುಹೋಗಿದೆ. ಮತ್ತೆ ಬರೆಸಬಹುದಾ?

ಉತ್ತರ: ಸ್ಟಿಕರ್ ಅಂಟಿಸಬಹುದು, ಅದೂ ಜಾಸ್ತಿ ದಿನ ನಿಲ್ಲುವುದಿಲ್ಲ. ನಿಮ್ಮದು ಮೇಲೆ ಅಚ್ಚು ಹಾಕಿದ ಅಕ್ಷರ. ಕೆಲವು ಕೀಗಳಲ್ಲಿ ಅಕ್ಷರವನ್ನು ಬೇರೆ ಬಣ್ಣದ ಪ್ಲಾಸ್ಟಿಕ್‌ನಿಂದಲೇ ಎರಕ ಹೊಯ್ದಿರುತ್ತಾರೆ. ಅದು ಆಳದವರೆಗೂ ಇರುವುದರಿಂದ ಮೇಲ್ಮೈ ನುಣ್ಣಗಾದರೂ ಅಕ್ಷರ ಹಾಗೇ ಉಳಿಯುತ್ತದೆ. ಮುಂದಿನ ಸಲ ಕೊಳ್ಳುವಾಗ 5ರ ಕೀಯನ್ನು ಓರೆಯಾಗಿ ಬೆಳಕಿಗೆ ಹಿಡಿದು, ಉಗುರಿನಿಂದ ಸವರಿ ನೋಡಿ. ಬಣ್ಣ ಮೇಲೆ ಕೂತಿದ್ದರೆ ಉಗುರಿಗೆ ಸಣ್ಣಗೆ ತಡೆಯುತ್ತದೆ.