ಅಕ್ಕನ ಮಗಳನ್ನೇ ತಂದುಕೊಳ್ಳಬಹುದಾ?

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ, ಹುಟ್ಟಿದಾಗಿಂದ ಹಿಮೋಫಿಲಿಯಾ ಎ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇದೆ, ಮೊಣಕಾಲು ಊದ್ಕೊಂಡಾಗೆಲ್ಲ ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಿಸೋ ಇಂಜೆಕ್ಷನ್) ಹಾಕಿಸ್ಕೊಳ್ತಾನೆ. ಅಮ್ಮನ ತಮ್ಮನಿಗೂ ಇತ್ತು, ಹಲ್ಲು ಕೀಳಿಸಿ ರಕ್ತ ನಿಲ್ದೇನೇ ಹೋಗ್ಬಿಟ್ರು. ಈಗ ಅಮ್ಮ ನನ್ನ ಮಗಳನ್ನೇ (20) ತಮ್ಮನಿಗೆ ಕೊಡು ಅಂತ ಹಟ ಹಿಡಿದಿದಾರೆ, ಹೊರಗಿನವಳಾದ್ರೆ ಕಾಯಿಲೆ ಗೊತ್ತಾದ್ಮೇಲೆ ಬಿಟ್ಟು ಹೋಗ್ತಾಳೆ, ಹೆಣ್ಮಕ್ಕಳಿಗೆ ಹೇಗೂ ಇದು ಬರಲ್ವಲ್ಲ ಅಂತಾರೆ. ನನ್ನ ಒಬ್ಬನೇ ಮಗ ಆರೋಗ್ಯವಾಗಿದಾನೆ, ಹಾಗಾದ್ರೆ ನನ್ನಲ್ಲಿ ಇಲ್ಲ ಅಂತ ತಾನೇ? ಮಗಳಿಗೆ ಮುಟ್ಟಿನಲ್ಲಿ ಸ್ವಲ್ಪ ಜಾಸ್ತಿ ಹೋಗತ್ತೆ ಅಷ್ಟೇ.
- ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಟೆಸ್ಟ್ ಆಗೋವರೆಗೂ ಈ ಮಾತುಕತೆ ನಿಲ್ಸಿಬಿಡಿ ಅಕ್ಕಾ. ಹೆಣ್ಮಕ್ಕಳಿಗೆ ಬರಲ್ಲ ಅನ್ನೋದು ಸಾಮಾನ್ಯವಾಗಿ ನಿಜಾನೇ, ಆದ್ರೆ ಆ ಮಾತು ಸುಳ್ಳಾಗೋದು ಇಂಥ ಸಂಬಂಧದಲ್ಲೇ.

ರಕ್ತ ಹೆಪ್ಪುಗಟ್ಟೋಕೆ ಬೇಕಾದ ಫ್ಯಾಕ್ಟರ್ 8 ಮಾಡೋ ಜೀನ್ ಇರೋದು ಎಕ್ಸ್ ಕ್ರೋಮೋಸೋಮ್ ಮೇಲೆ. ಗಂಡಸಿಗೆ ಒಂದೇ ಎಕ್ಸ್, ಅದೂ ಅಮ್ಮನ ಕಡೆಯಿಂದ ಬಂದಿದ್ದು, ಅದು ಕೆಟ್ಟಿದ್ರೆ ಕಾಯಿಲೆ ಬಂತು ಅಂತಾನೇ. ಹೆಂಗಸಿಗೆ ಎರಡು, ಒಂದು ಕೆಟ್ರೂ ಇನ್ನೊಂದು ಸಂಭಾಳಿಸತ್ತೆ, ಅವಳು ಕ್ಯಾರಿಯರ್ ಆಗ್ತಾಳೆ, ಅಂದ್ರೆ ಕೆಟ್ಟ ಜೀನ್ ಹೊತ್ಕೊಂಡು ಮಕ್ಕಳಿಗೆ ದಾಟಿಸಬಲ್ಲವಳು.

ನಿಮ್ಮ ತಮ್ಮ ಹೊರಗಿನ ಹುಡುಗೀನ ಮದುವೆ ಆದ್ರೆ ಅವನ ಗಂಡುಮಕ್ಕಳಿಗೆ ಅವನಿಂದ ಹೋಗೋದು ವೈ ಕ್ರೋಮೋಸೋಮ್ ಮಾತ್ರ, ಎಕ್ಸ್ ಅಲ್ಲ, ಹಾಗಾಗಿ ಅವನ ಕಾಯಿಲೆ ಒಬ್ಬ ಮಗನಿಗೂ ಬರಲ್ಲ. ಹೆಣ್ಮಕ್ಕಳು ಮಾತ್ರ ಅಷ್ಟೂ ಜನ ಕ್ಯಾರಿಯರ್. ಅಪ್ಪನಿಂದ ಮಗನಿಗೆ ಅಂತ ನಮ್ಮವರು ಹೆದರ್ತಾರೆ, ನಡೆಯೋದು ಅಜ್ಜನಿಂದ ಮಗಳ ಮಗನಿಗೆ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಮಗ ಲಿಯೋಪೋಲ್ಡ್ ಇದೇ ಥರದ ಕಾಯಿಲೆ ಇದ್ದೋನು, 1884ರಲ್ಲಿ ಬಿದ್ದು ಪೆಟ್ಟಾಗಿ 30ಕ್ಕೇ ತೀರ್ಕೊಂಡ, ಅವನ ಮಗನಿಗೆ ಏನೂ ಇರ್ಲಿಲ್ಲ, ಮಗಳು ಆಲಿಸ್ ಹೊತ್ಕೊಂಡಳು, ಅವಳ ಮಗ ರೂಪರ್ಟ್‌ಗೆ ಬಂತು.

ಈಗ ನಿಮ್ಮ ಮಗಳ ವಿಷ್ಯ. ಅವಳೂ ಕ್ಯಾರಿಯರ್ ಆಗಿದ್ದು ಸೋದರಮಾವನನ್ನೇ ಕಟ್ಕೊಂಡ್ರೆ, ಹುಟ್ಟೋ ಪ್ರತಿ ಗಂಡುಮಗುವಿಗೂ ಕಾಯಿಲೆ ಬರೋ ಚಾನ್ಸ್ ಅರ್ಧಕ್ಕರ್ಧ (ಅವಳಿಂದ, ಅವನಿಂದಲ್ಲ), ಪ್ರತಿ ಹೆಣ್ಮಗುವಿಗೂ ಅರ್ಧಕ್ಕರ್ಧ, ಯಾಕಂದ್ರೆ ಅಪ್ಪನ ಎಕ್ಸ್ ಕೆಟ್ಟಿದ್ದೇ ಬರೋದು, ಅಮ್ಮಂದೂ ಕೆಟ್ಟಿದ್ದು ಬಂದ್ರೆ ಸಂಭಾಳಿಸೋಕೆ ಇನ್ನೇನೂ ಇಲ್ಲ. ಆ ಹುಡುಗಿಗೆ ಪ್ರತಿ ತಿಂಗಳ ಮುಟ್ಟು, ಆಮೇಲೆ ಹೆರಿಗೆ, ಯೋಚ್ನೆ ಮಾಡಿ. ಕಾಯಿಲೆ ಬರದ ಹೆಣ್ಮಕ್ಕಳೂ ಕ್ಯಾರಿಯರ್ರೇ.

ಮಗ ಆರೋಗ್ಯವಾಗಿದಾನೆ ಅನ್ನೋದು ಖುಷಿ ವಿಷ್ಯ, ಆದ್ರೆ ಅದು ಸರ್ಟಿಫಿಕೇಟ್ ಅಲ್ಲ. ನಿಮ್ಮಮ್ಮನ ತಮ್ಮನಿಗೂ ಇತ್ತು, ಮಗನಿಗೂ (ಅಂದ್ರೆ ನಿಮ್ಮ ತಮ್ಮನಿಗೂ) ಇದೆ, ಹಾಗಾಗಿ ನಿಮ್ಮಮ್ಮ ಕ್ಯಾರಿಯರ್ ಅನ್ನೋದ್ರಲ್ಲಿ ಅನುಮಾನ ಇಲ್ಲ, ಹಾಗಾಗಿ ನಿಮಗಿದ್ದ ಚಾನ್ಸ್ ಎರಡರಲ್ಲಿ ಒಂದು, ನಿಮ್ಮ ಮಗ ಚೆನ್ನಾಗಿರೋದ್ರಿಂದ ಲೆಕ್ಕ ಮೂರರಲ್ಲಿ ಒಂದಕ್ಕೆ ಇಳಿಯತ್ತೆ, ಮಗಳದ್ದು ಆರರಲ್ಲಿ ಒಂದು. ಸೊನ್ನೆ ಅಂತೂ ಅಲ್ಲ.

ಟೆಸ್ಟ್ ತಮ್ಮನಿಂದ ಶುರು ಮಾಡಿ. ಅವನ ಜೀನಿನಲ್ಲಿ ಎಲ್ಲಿ ಎಡವಟ್ಟಾಗಿದೆ ಅಂತ ಡಿಎನ್ಎ ಪರೀಕ್ಷೇಲಿ ಹುಡುಕಿ, ಅದೇ ನಿಮ್ಮಲ್ಲಿದೆಯಾ ಅಂತ ನೋಡ್ತಾರೆ. ನಿಮ್ಮಲ್ಲಿ ಇಲ್ಲ ಅಂದ್ರೆ ಮಗಳು ಈ ಕಾಯಿಲೆ ಮಟ್ಟಿಗೆ ಪಾರು (ಸೋದರಿಕೇಲಿ ಬೇರೆ ಕಾಯಿಲೆಗಳ ರಿಸ್ಕ್ ಇದ್ದೇ ಇರತ್ತೆ, ಮತ್ತೆ ಆ ಹುಡುಗಿಗೆ ಮಾವ ಇಷ್ಟಾನಾ ಅಂತ ಪತ್ರದಲ್ಲೆಲ್ಲೂ ಇಲ್ಲ ನೋಡಿ). ಇದೆ ಅಂದ್ರೆ ಅವಳನ್ನ ಕೇಳಿ ಅವಳಿಗೂ ಮಾಡ್ಸಿ. ಬರೀ ಫ್ಯಾಕ್ಟರ್ ಲೆವೆಲ್ ನೋಡಿ ನಾರ್ಮಲ್ ಇದೆ ಅಂತ ಬಿಡ್ಬೇಡಿ, ಕ್ಯಾರಿಯರ್‌ಗಳಲ್ಲಿ ಅದು ನಾರ್ಮಲ್ ಇರೋದೂ ಉಂಟು.

ಕೊನೇಲಿ "ಅಷ್ಟೇ" ಅಂತ ಬರೆದಿದೀರಲ್ಲ, ಅದನ್ನ ಡಾಕ್ಟರ್‌ಗೆ ಮೊದಲು ಹೇಳಿ. ಕೆಲವು ಕ್ಯಾರಿಯರ್ ಹುಡುಗೀರಿಗೆ ಫ್ಯಾಕ್ಟರ್ ಕಮ್ಮಿ ಇದ್ದು ಮುಟ್ಟಿನಲ್ಲಿ ಜಾಸ್ತಿ ಹೋಗತ್ತೆ. ಅವಳ ಫ್ಯಾಕ್ಟರ್ 8 ಎಷ್ಟಿದೆ ಅಂತ ಈಗ್ಲೇ ನೋಡ್ಸಿ, ಅಲ್ಲೀವರೆಗೂ ಹಲ್ಲು ಕೀಳಿಸೋದು, ಆಸ್ಪಿರಿನ್ ನುಂಗೋದು ಬೇಡ.