‘ಎಮ್ಮೆ’ ಪದ ಸಂಸ್ಕೃತದಿಂದ ಬಂದಿದೆಯೇ? ಅದಕ್ಕೆ ಬೇರೆ ಹೆಸರುಗಳೇನು?

ಇಲ್ಲ, ‘ಎಮ್ಮೆ’ ಅಪ್ಪಟ ದ್ರಾವಿಡ ಪದ. ತಮಿಳಿನಲ್ಲಿ ಎರುಮೈ, ಮಲಯಾಳದಲ್ಲಿ ಎರುಮ, ತುಳುವಿನಲ್ಲಿ ಎರ್ಮೆ, ತೆಲುಗಿನಲ್ಲಿ ಎನುಮು. ಕೊಡವರೂ ನಮ್ಮಂತೆ ಎಮ್ಮೆ ಎಂದೇ ಕರೆಯುತ್ತಾರೆ.

ನಡುವಿನ ‘ರ’ ಎಲ್ಲಿ ಹೋಯಿತು? ಇದಕ್ಕೆ ಸೊಗಸಾದ ಸಾಕ್ಷಿ ‘ಹೆಮ್ಮೆ’. ತಮಿಳಿನ ಪೆರುಮೈ ಹಳಗನ್ನಡದಲ್ಲಿ ಪೆರ್ಮೆ. ಅದೇ ಮುಂದೆ ಹೆಮ್ಮೆ ಆಯಿತು. ಎರಡು ಪದಗಳ ಮೂಲ ಬೇರೆ, ಆದರೆ ‘ರ್ಮ’ ಹೋಗಿ ‘ಮ್ಮ’ ಆದ ದಾರಿ ಒಂದೇ. ನನಗಂತೂ ಕನ್ನಡದ ಧ್ವನಿ ಬದಲಾವಣೆಯನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜೋಡಿ ಕಂಡಿಲ್ಲ.

ಗಂಡಿಗೆ ಕೋಣ ಎನ್ನುತ್ತೇವೆ. ಕರಾವಳಿಯ ಕಂಬಳದಲ್ಲಿ ಓಡುವುದು ಇವೇ. ಇನ್ನೂ ಕರು ಹಾಕದ ಪ್ರಾಯದ ಎಮ್ಮೆ ಮಣಕ. ಹಸುವಿಗೂ ಈ ಮಾತು ಸಲ್ಲುತ್ತದೆ.

ಸಂಸ್ಕೃತದಲ್ಲಿ ಕೋಣ ಮಹಿಷ. ‘ಮಹ್’ ಎಂಬ ಧಾತುವಿನಿಂದ ಬಂದ ಈ ಪದದ ಮೂಲ ಅರ್ಥ ದೊಡ್ಡದು, ಬಲಶಾಲಿ. ಹಾಗಾಗಿಯೇ ‘ಮಹಿಷಿ’ ಎಂದರೆ ಎಮ್ಮೆಯೂ ಹೌದು, ಪಟ್ಟದ ರಾಣಿಯೂ ಹೌದು! ಅಮರಕೋಶ ಲುಲಾಯ, ಕಾಸರ, ಸೈರಿಭ ಎಂಬ ಹೆಸರುಗಳನ್ನೂ ಕೊಡುತ್ತದೆ. ಮೈಸೂರು ಎಂಬ ಹೆಸರಿನಲ್ಲೂ ಮಹಿಷನಿದ್ದಾನೆ.

ಒಂದು ಎಚ್ಚರಿಕೆ: ಕಾಡೆಮ್ಮೆ ಅಥವಾ ಕಾಟಿ ಹೆಸರಿಗಷ್ಟೇ ಎಮ್ಮೆ. ಪ್ರಾಣಿಶಾಸ್ತ್ರದ ಪ್ರಕಾರ ಅದು ಹಸುವಿನ ಹತ್ತಿರದ ನೆಂಟ.