ನಿಂತಾಗ ನಡುಗುವ ಹಳೆಯ ಪಿಕಪ್

ಪ್ರಶ್ನೆ: ನನ್ನದು ಹಳೆಯ ಪೆಟ್ರೋಲ್ ಪಿಕಪ್, ಕಾರ್ಬ್ಯುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಇರುವ 4 ಸಿಲಿಂಡರ್ ಎಂಜಿನ್. ಐಡ್ಲಿಂಗ್‌ನಲ್ಲಿ (ನಿಂತಲ್ಲೇ ಎಂಜಿನ್ ಓಡುವಾಗ) ಇಡೀ ಗಾಡಿ ನಡುಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಸುಮಾರಾಗಿ ಸರಿಹೋಗುತ್ತದೆ. ಹೊಸ ಪ್ಲಗ್ ಹಾಕಿದರೂ ಅಷ್ಟೇ. ಕಾರ್ಬ್ಯುರೇಟರ್ ಬದಲಿಸಲೇ?

ಉತ್ತರ: ಬೇಡ, ಈಗಲೇ ಸುಮ್ನೆ ದುಡ್ಡು ಸುರಿಯಬೇಡಿ. ವೇಗ ಏರಿದಾಗ ನಡುಕ ಕಡಿಮೆಯಾಗುತ್ತದೆ ಅಂದರೆ ನನ್ನ ಮೊದಲ ಅನುಮಾನ ವ್ಯಾಕ್ಯೂಮ್ ಲೀಕ್ ಮೇಲೆ. ಹಳೆಯ ಗಾಡಿಗಳಲ್ಲಿ ರಬ್ಬರ್ ಪೈಪು ಒಣಗಿ ಬಿರುಕು ಬಿಡುತ್ತದೆ, ಅಲ್ಲಿಂದ ಹೆಚ್ಚಿನ ಗಾಳಿ ಒಳಗೆ ನುಗ್ಗುತ್ತದೆ, ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಒಟ್ಟು ಗಾಳಿಯೇ ಕಡಿಮೆ ಇರುವುದರಿಂದ ಆ ಸಣ್ಣ ಸೋರಿಕೆಯೇ ಜಾಸ್ತಿ ತೊಂದರೆ ಕೊಡುತ್ತದೆ. ಎಂಜಿನ್ ಓಡುತ್ತಿರುವಾಗ ಒಂದು ಉದ್ದದ ರಬ್ಬರ್ ಪೈಪಿನ ತುದಿ ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ, ಪೆಟ್ರೋಲ್ ಒಯ್ಯುವ ಕೊಳವೆ) ಸುತ್ತ, ಕಾರ್ಬ್ಯುರೇಟರ್ ಬುಡದಲ್ಲಿ ಆಡಿಸಿ. 'ಸುಯ್' ಅಂತ ಕೇಳಿಸಿದರೆ ಸಿಕ್ಕಿತು. ಬಟ್ಟೆ, ಕೈ ಎರಡೂ ಎಂಜಿನ್ ಫ್ಯಾನಿನಿಂದ ದೂರವಿರಲಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ಹುಡುಕುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ, ಬೆಂಕಿ ಹತ್ತುತ್ತದೆ.

ಅಲ್ಲಿ ಏನೂ ಸಿಗದಿದ್ದರೆ ರಾತ್ರಿ ಕತ್ತಲಲ್ಲಿ ಎಂಜಿನ್ ಓಡಿಸುತ್ತಾ ಬಾನೆಟ್ ತೆಗೆದು ನೋಡಿ. ಪ್ಲಗ್ ವೈರ್ ಹಾಳಾಗಿದ್ದರೆ ಕಿಡಿ ಹೊರಗೇ ಹಾರುವುದು ಕಾಣಬಹುದು. ಎಂಜಿನ್ ಆಫ್ ಮಾಡಿ ಡಿಸ್ಟ್ರಿಬ್ಯೂಟರ್ ಕ್ಯಾಪ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗದ ಮುಚ್ಚಳ) ಒಳಗೆ ಕಪ್ಪು ಗೆರೆ ಇದೆಯಾ ಅಂತಲೂ ನೋಡಿ, ಇದ್ದರೆ ಕರೆಂಟ್ ಅಲ್ಲೇ ಸೋರುತ್ತಿದೆ.

ಕೊನೆಗೆ ಕಂಪ್ರೆಶನ್ ಟೆಸ್ಟ್, ಅಂದರೆ ಪ್ಲಗ್ ತೂತಿಗೆ ಗೇಜ್ ಹಾಕಿ ಪ್ರತಿ ಸಿಲಿಂಡರ್‌ನ ಒತ್ತಡ ಅಳೆಯುವುದು. ಒಂದು ಸಿಲಿಂಡರ್ ಕಡಿಮೆ ತೋರಿಸಿದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿತಾ? ಪಿಸ್ಟನ್ ರಿಂಗ್ ಸವೆದಿದೆ. ಏರಲಿಲ್ಲವಾ, ಹಾಗಾದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹಾಳಾಗಿದೆ. ಅಕ್ಕಪಕ್ಕದ ಎರಡೂ ಸಿಲಿಂಡರ್ ಕಡಿಮೆ ತೋರಿಸಿದರೆ ಹೆಚ್ಚಾಗಿ ಗ್ಯಾಸ್ಕೆಟ್ಟೇ.